ಸಹಿ ಅವರದು, ಬರಹ ನನ್ನದು

ನಮ್ಮ ಲುನೆನ್‌ಬರ್ಗ್ ಸೀಮೆಯಲ್ಲಿ ಬ್ಲೂಬೆರಿ ಬಯಲು ಇಟ್ಟುಕೊಂಡವರಾಗಲಿ, ಕ್ರಿಸ್‌ಮಸ್ಸಿಗೆಂದು ಫರ್ ಮರ ಬೆಳೆಸುವವರಾಗಲಿ, ಕಳೆಯ ಮಾತು ಬಂದಾಗ ಮೊದಲು ನೆನೆಯುವ ಹೆಸರು ಶ್ರೀಮತಿ ವರ್ನಾ ಹರ್ಟಲ್ ಅವರದು. ಮೂವತ್ತನಾಲ್ಕು ವರ್ಷ ಬೆಳೆ ಸಲಹೆಗಾರರಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರು, ಕಳೆನಾಶಕವನ್ನು ಎಷ್ಟು ಹಾಕಬೇಕೆಂಬುದಕ್ಕಿಂತ ಎಲ್ಲಿ ಹಾಕಕೂಡದೆಂಬುದನ್ನು ಕಲಿಸಿದವರು. ಅವರ ಕೈಕೆಳಗೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ನನ್ನಿಂದ ಈ ಬೆಳೆಗಾರರ ಪತ್ರಿಕೆಯ ಸಂಪಾದಕ ಸಮಿತಿಯವರು ನಾಲ್ಕು ಒಳ್ಳೆಯ ಮಾತು ಕೇಳಿದ್ದಾರೆ. ಮಾತಿಗೇನೂ ಬರವಿಲ್ಲ, ಅದನ್ನು ಆಡುವ ಬಾಯಿ ನನ್ನದೆಂಬುದೇ ನನ್ನ ಸಂಕಟ.

ಅವರು ಕೆಲಸಕ್ಕೆ ಸೇರಿದಾಗ, ಔಷಧಿಯೆಂದರೆ ಟ್ರ್ಯಾಕ್ಟರಿನ ಹಿಂದೆ ಡ್ರಮ್ಮು ಕಟ್ಟಿ ಬಯಲಿಗೆಲ್ಲ ಸುರಿಯುವುದು ಎಂದುಕೊಂಡಿದ್ದ ಕಾಲ. ಇವರು ಹಾಕಿ ಆಟದ ಮುರಿದ ಕೋಲಿನ ತುದಿಗೆ ಬಟ್ಟೆ ಸುತ್ತಿ, ಔಷಧಿಯಲ್ಲಿ ನೆನೆಸಿ, ಮೊಣಕಾಲಿಗೂ ಬಾರದ ಬ್ಲೂಬೆರಿ ಪೊದೆಗಳ ಮೇಲೆ ತಲೆಯೆತ್ತಿದ ಮೇಪಲ್ ಚಿಗುರುಗಳಿಗೆ ಮಾತ್ರ ಒಂದೊಂದಾಗಿ ಸವರುತ್ತ ನಡೆದರು. ಒಂದು ತೊಟ್ಟೂ ಕೆಳಗೆ ಬೀಳುತ್ತಿರಲಿಲ್ಲ. ಮೊದಲು ನಕ್ಕವರೇ ಮರುವರ್ಷ ತಮ್ಮ ಮಕ್ಕಳ ಹಳೆಯ ಕೋಲುಗಳನ್ನು ಅಟ್ಟದಿಂದ ಇಳಿಸಿದರು. ಇನ್ನೊಂದು ಪದ್ಧತಿ ಮಣ್ಣಿನದು. ಯಾವ ಹೊಲಕ್ಕೆ ಹೋದರೂ ಮೊದಲು ಒಂದು ಹಿಡಿ ಮಣ್ಣೆತ್ತಿ ಮುಷ್ಟಿಯಲ್ಲಿ ಹಿಸುಕುವರು. ಉಂಡೆ ಕಟ್ಟಿದರೆ ಸರಿ, ಪುಡಿಯಾಗಿ ಉದುರಿದರೆ ಅದು ಮರಳು. ಅಲ್ಲಿ ಔಷಧಿ ಮಳೆನೀರಿನೊಡನೆ ನೇರವಾಗಿ ಬೇರಿಗೆ ಇಳಿದು ಎಳೆಯ ಗಿಡವನ್ನೇ ಸುಡುತ್ತದೆ.

ನಾನು ಸೇರಿದ ವಾರವೇ, ನನ್ನ ಬೂಟು ಸೋರುವುದನ್ನು ಕಂಡು, ತಮ್ಮ ಯಜಮಾನರ ರಬ್ಬರ್ ಬೂಟುಗಳನ್ನು ತಂದುಕೊಟ್ಟರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಐದು ವಾರ ನನ್ನ ಪಾಲಿನ ಹೊಲಗಳ ಸುತ್ತಾಟವನ್ನೂ ಅವರೇ ಮುಗಿಸಿ, ಅದರ ಸೊಲ್ಲನ್ನೇ ಎತ್ತಲಿಲ್ಲ. ಯಾವ ಔಷಧಿ, ಎಷ್ಟು ಅಳತೆ ಎಂದು ಬೆಳೆಗಾರರಿಗೆ ಬರೆದುಕೊಡುವ ಸಲಹೆಯ ಕಾರ್ಡಿಗೆ ಅವರ ಸಹಿ ಬೇಕೇ ಬೇಕು. ವಸಂತದ ಗಡಿಬಿಡಿಯಲ್ಲಿ ಬೆಳೆಗಾರರಿಗೆ ದಿನ ಕೆಡಬಾರದೆಂದು, ಸಹಿ ಹಾಕಿದ ಖಾಲಿ ಕಾರ್ಡುಗಳನ್ನು ಹತ್ತರಂತೆ ನನ್ನ ಮೇಜಿನ ಮೇಲಿಡುತ್ತಿದ್ದರು. ಬರೆಯುವ ಮೊದಲು ಮಣ್ಣು ಹಿಸುಕಬೇಕು ಎಂಬುದೊಂದೇ ಕರಾರು.

ಇನ್ನು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ನಾನು ಸೇರಿದ ಮೇಲಿನ ಎರಡನೆಯ ಮೇ ತಿಂಗಳಲ್ಲಿ, ಕ್ಲೇಟನ್ ಐಸ್ನರ್ ಎಂಬ ಬೆಳೆಗಾರರು ಕರೆಸಿದರು. ಕೆಳಗಿನ ಬ್ಲೂಬೆರಿ ಬಯಲಿಗೆ ಹಾಕಿದ ಔಷಧಿಯನ್ನೇ ಮೇಲಿನ ಫರ್ ತೋಟಕ್ಕೂ ಹಾಕಬಹುದೇ ಎಂಬುದು ಅವರ ಪ್ರಶ್ನೆ. ಜಿಟಿಜಿಟಿ ಮಳೆ. ಮಧ್ಯಾಹ್ನ ನನ್ನ ಸೋದರತ್ತೆಯ ಮಗನ ಮದುವೆಯಿತ್ತು, ಕಾಲಲ್ಲಿ ಹೊಸ ಚರ್ಮದ ಷೂ. ವರ್ನಾ ಅವರು ಕೊಟ್ಟ ಬೂಟುಗಳು ಡಿಕ್ಕಿಯಲ್ಲೇ ಇದ್ದವು. ನಾನು ಕಾರಿನ ಕಿಟಕಿ ಮಾತ್ರ ಇಳಿಸಿದೆ.

"ಇಳಿದು ನೋಡೋದಿಲ್ವೇನಪ್ಪಾ? ವರ್ನಾ ಬಂದ್ರೆ ಮೊದ್ಲು ಮಣ್ಣಿಗೇ ಕೈ ಹಾಕ್ತಾರೆ," ಎಂದರು ಕ್ಲೇಟನ್.

"ಇಲ್ಲಿಂದ್ಲೇ ಕಾಣ್ತಿದೆಯಲ್ಲ. ಕೆಳಗೆ ಹಾಕಿದ ಅಳತೇನೇ ಹಾಕಿ ಅಂತ ವರ್ನಾ ಅವರೇ ಹೇಳಿ ಕಳಿಸಿದ್ದಾರೆ," ಎಂದು ಸುಳ್ಳು ಹೇಳಿ, ಸ್ಟಿಯರಿಂಗಿನ ಮೇಲಿಟ್ಟು ಕಾರ್ಡು ಬರೆದುಕೊಟ್ಟೆ.

ರಸ್ತೆಗೆ ಕಾಣುತ್ತಿದ್ದುದು ಬಲಿತ ಮರಗಳು. ಅವುಗಳ ಹಿಂದೆ, ದಿಬ್ಬದ ಮೇಲೆ, ಕ್ಲೇಟನ್ ಮತ್ತು ಅವರ ಹೆಂಡತಿ ಆ ತಿಂಗಳಷ್ಟೇ ನೆಟ್ಟ ಸಾವಿರದ ನೂರು ಸಸಿಗಳಿದ್ದವು. ದಿಬ್ಬವೆಲ್ಲ ಮರಳು. ಜುಲೈ ಹೊತ್ತಿಗೆ ಒಂದೂ ಉಳಿಯಲಿಲ್ಲ. ಸಸಿ ಮರವಾಗಲು ಹತ್ತು ವರ್ಷ ಬೇಕು. ಕ್ಲೇಟನ್‌ಗೆ ಆಗಲೇ ಅರವತ್ತೆಂಟು. ಅವರು ಮತ್ತೆ ನೆಡಲಿಲ್ಲ.

ಅಕ್ಟೋಬರಿನಲ್ಲಿ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಬೆಳೆಗಾರರ ವಾರ್ಷಿಕ ಊಟ. ಕ್ಲೇಟನ್ ಎದ್ದು ನಿಂತು ಕಾರ್ಡು ಮುಂದೆ ಹಿಡಿದರು.

"ಇದು ನಿಮ್ಮ ಸಹಿ ತಾನೇ, ವರ್ನಾ?"

ಅವರು ಕನ್ನಡಕ ಹಾಕಿಕೊಂಡು, ಒಂದು ಸಹಿ ಗುರುತಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಆ ಕಾರ್ಡನ್ನು ನೋಡಿದರು. ನಾನು ಮೂರನೆಯ ಮೇಜಿನಲ್ಲಿದ್ದೆ. ಡಿಸೆಂಬರಿನಲ್ಲಿ ನನ್ನ ನೌಕರಿ ಕಾಯಂ ಆಗಬೇಕಿತ್ತು.

"ಸಹಿ ನಂದೇ, ಕ್ಲೇಟನ್. ತಪ್ಪಾಗಿದೆ."

ಹಿಂದಿನಿಂದ ಯಾರೋ, "ಮಣ್ಣು ಹಿಸುಕೋ ಅಮ್ಮನಿಗೆ ಅವತ್ತು ಕೈ ತೊಳೆಯೋಕೆ ಬೇಜಾರಾಗಿತ್ತೇನೋ," ಎಂದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಬಾಯಿ ಮುಚ್ಚಿಕೊಂಡು ಕೂತದ್ದಕ್ಕಿಂತ ಆ ನಗುವಿಗೇ ನನಗೆ ಹೆಚ್ಚು ನಾಚಿಕೆ.

ಅಂದಿನಿಂದ ಆ ಜಾಗಕ್ಕೆ 'ವರ್ನಾ ಬೋಳುದಿಬ್ಬ' ಎಂಬ ಹೆಸರು ಬಿತ್ತು. ಪ್ರಾಂತ್ಯದ ಮುಖ್ಯ ಸಲಹೆಗಾರರ ಹುದ್ದೆ ಅವರದೇ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಆ ಚಳಿಗಾಲ ಅದು ಬೇರೆಯವರಿಗೆ ಹೋಯಿತು. ನನ್ನ ನೌಕರಿ ಅವರ ಶಿಫಾರಸಿನಿಂದಲೇ ಕಾಯಂ ಆಯಿತು. ವಸಂತ ಬಂದಾಗ ನನ್ನ ಮೇಜಿನ ಮೇಲೆ, ಎಂದಿನಂತೆ, ಸಹಿ ಹಾಕಿದ ಹತ್ತು ಕಾರ್ಡುಗಳಿದ್ದವು. ಈಗ ಕೆಳಗಿನ ಬಯಲಿನ ಬ್ಲೂಬೆರಿ ಬೇರಿನಲ್ಲೇ ಹಬ್ಬಿ ಆ ದಿಬ್ಬವನ್ನು ಮುಚ್ಚಿದೆ. ಬೋಳು ಹೋಯಿತು, ಹೆಸರು ಹೋಗಲಿಲ್ಲ. "ವರ್ನಾ ಬೋಳುದಿಬ್ಬ ದಾಟಿ ಎಡಕ್ಕೆ ತಿರುಗಿ," ಎಂದು ನಾನೇ ಎಷ್ಟು ಜನಕ್ಕೆ ದಾರಿ ಹೇಳಿದ್ದೇನೋ.

ಈ ಲೇಖನಕ್ಕೆ ಕೂರುವ ಮೊದಲು ಅವರ ಮನೆಗೆ ಹೋದೆ. ಹಿತ್ತಿಲ ಬಯಲಿನಲ್ಲಿ ಅದೇ ಕೋಲು ಹಿಡಿದು ಕಳೆ ಸವರುತ್ತಿದ್ದರು.

"ಆ ಕಾರ್ಡು ಬರೆದೋನು ನಾನು, ಮೇಡಂ."

ಅವರು ಕೈ ನಿಲ್ಲಿಸಲಿಲ್ಲ. "ಗೊತ್ತು ಕಣಪ್ಪ. ಅದ್ರಲ್ಲಿದ್ದ ಏಳರ ಅಂಕಿಗೆ ನಡುವೆ ನಿನ್ನ ಗೀಟು ಇತ್ತು. ಆಫೀಸಲ್ಲಿ ಇನ್ಯಾರೂ ಹಾಗೆ ಬರೆಯಲ್ಲ."

"ಮತ್ಯಾಕೆ ನೀವು ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತಿದ್ದೆ. ಆ ಚಳಿಗಾಲವೆಲ್ಲ ಯಾರು ಬಾಗಿಲು ತಟ್ಟಿದ್ರೂ ನೀನೇ ಅಂದ್ಕೊಂಡೆ. ಆಮೇಲೆ ಕಾಯೋದು ಬಿಟ್ಟೆ." ಬಟ್ಟೆಯನ್ನು ಮತ್ತೆ ಡಬ್ಬಿಗೆ ಅದ್ದಿದರು. "ಹುದ್ದೆ ಹೋಗ್ಲಿ ಬಿಡು. ನಾನೂ ಕ್ಲೇಟನ್ನೂ ಒಂದೇ ಬೆಂಚಲ್ಲಿ ಓದಿದ ಹಾಗೆ ಇದ್ವಿ. ಸಾಯೋತನಕ ಅವ್ನು ನನ್ನ ಹತ್ರ ಮಾತಾಡ್ಲಿಲ್ಲ."

ಕ್ಲೇಟನ್ ತೀರಿಕೊಂಡು ಒಂಬತ್ತು ವರ್ಷವಾಯಿತು. ನಾನು ಈ ಮಾತನ್ನು ಹೇಳಬೇಕಾಗಿದ್ದುದು ಅವರಿಗೆ.

ವರ್ನಾ ಹರ್ಟಲ್ ಅವರು ಇನ್ನೂ ಬಹುಕಾಲ ಆರೋಗ್ಯದಿಂದಿರಲಿ. ಅವರ ಮುಷ್ಟಿಗೆ ಮಣ್ಣೂ, ಅವರ ಹಿತ್ತಿಲಿಗೆ ಹಣ್ಣೂ ಪ್ರತಿ ಬೇಸಿಗೆಯಲ್ಲಿ ಒದಗಲಿ. ಓದುಗ ಬೆಳೆಗಾರರಲ್ಲಿ ನನ್ನದೊಂದು ಬೇಡಿಕೆ: ಇನ್ನು ಮುಂದೆ ಆ ದಿಬ್ಬವನ್ನು ನನ್ನ ಹೆಸರಿನಿಂದ ಕರೆಯಿರಿ. ಅವರು ಸಹಿ ಹಾಕಿಕೊಟ್ಟ ಕಾರ್ಡುಗಳಲ್ಲಿ ಒಂದು ನನ್ನ ಮೇಜಿನಲ್ಲಿ ಖಾಲಿಯಾಗಿಯೇ ಉಳಿದಿದೆ. ಈ ಲೇಖನದ ಕೆಳಗಿರುವ ಸಹಿ ಮಾತ್ರ ನನ್ನದು.

ಡೇರೆಲ್ ಕಾರ್ಕಮ್