ಸಾರಿಸಿದ ನೆಲದ ಮೇಲೆ ಸವಿತಳ ನೆಗೆತ

ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದಾಗ ಇನ್ನೂ ಮಂಜಿತ್ತು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೂ ಆಟೋಟಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ. ಆಟದ ಮೇಷ್ಟ್ರು ಜ್ವರದಿಂದ ಮಲಗಿದ್ದಕ್ಕೆ ಬಿ.ಎ. ಓದುತ್ತಿದ್ದ ಅರಕೆರೆಯ ಸವಿತಳ ಜೊತೆ ಹೊರಟಿದ್ದೆ. ಅವಳದು ಟ್ರಿಪಲ್ ಜಂಪ್. ಹೆಣ್ಣುಮಕ್ಕಳಿಗೆ ಆ ಆಟ ಒಲಿಂಪಿಕ್ಸಿನಲ್ಲಿ ಸೇರಿದ್ದು ಆಗಷ್ಟೇ. ಕೆ.ಆರ್. ಪೇಟೆಯ ಮೈದಾನದಲ್ಲಿ ಬೆಂಗಳೂರಿನ ಆಯ್ಕೆಗಾರರೊಬ್ಬರು ಒಪ್ಪಿದರೆ ಅವಳು ಒಲಿಂಪಿಕ್ಸ್ ತಯಾರಿಯ ಶಿಬಿರ ಸೇರುತ್ತಾಳೆ. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಪಾಂಡವಪುರದಲ್ಲಿ ಬಸ್ಸು ಬದಲಿಸುವಾಗ ಇಡ್ಲಿ ತರಿಸಿದೆ.

"ವೊಟ್ಟೆ ಭಾರ ಆಯ್ತದೆ ಸಾ, ನೀವೇ ತಿನ್ನಿ," ಎಂದಳು. ಅವಳ ಪಾಲನ್ನೂ ನಾನೇ ತಿಂದೆ.

ಮೈದಾನ ನೋಡಿ ಅಲ್ಲೇ ನಿಂತುಬಿಟ್ಟೆ. ಸಿಂಧಘಟ್ಟದ ಅವಳ ಸೋದರತ್ತೆ ನಸುಕಿನಲ್ಲೇ ನೆಂಟರ ಹೆಂಗಸರನ್ನು ಕಟ್ಟಿಕೊಂಡು ಬಂದು, ಓಟದ ಹಾದಿಗೆ ಉದ್ದಕ್ಕೂ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದರು.

"ಮನೆ ಎಣ್ಮಗ ಒಳ್ಳೆ ಕೆಲ್ಸುಕ್ಕೆ ನಿಂತಾವ್ಳೆ, ಬರೀ ಮಣ್ಣಲ್ಲಿ ಓಡುಸಾಕಾಯ್ತದಾ ಸಾ?" ಎಂದರು ಅತ್ತೆ.

ನೆಗೆಯುವ ಹಲಗೆಯನ್ನೇನೋ ಒರೆಸಿದೆವು. ಹಾದಿ ಹಸಿಯಾಗಿಯೇ ಇತ್ತು, ಶೂ ಜಾರುತ್ತಿತ್ತು. ಒಣಗುವ ತನಕ ಕಾಯಲು ಆಯ್ಕೆಗಾರರಿಗೆ ಪುರುಸೊತ್ತಿರಲಿಲ್ಲ.

"ಒಂದೇ ನೆಗೆತ ನೋಡ್ತೀನಿ. ಎಲ್ಲಿಂದ ನೆಗೆದರೂ ಅಳತೆ ಹಲಗೆಯಿಂದ," ಎಂದರು.

ಸವಿತ ಅತ್ತೆಯ ಮೇಲೆ ರೇಗಲಿಲ್ಲ. ಶೂ ಬಿಚ್ಚಿಟ್ಟಳು. "ನಮ್ ಕಣದ್ ಮ್ಯಾಲೆ ಓಡ್ದಂಗೇ ಬುಡಿ ಸಾ," ಎಂದು ಬರಿಗಾಲಲ್ಲಿ ಓಡಿದಳು. ಕುಪ್ಪಳಿಸಿದಳು, ದಾಪುಗಾಲು ಹಾಕಿದಳು, ಆಮೇಲೆ ಮೇಲೆದ್ದಳು. ನೆಲಕ್ಕೆ ಬರುವುದನ್ನೇ ಮರೆತಳೇನೋ ಅನ್ನಿಸಿತು.

ಬೇಕಾದ ಅಳತೆಯನ್ನು ಕೂದಲೆಳೆಯಷ್ಟು ದಾಟಿದ್ದಳು. ಆಯ್ಕೆಗಾರರು ಟೇಪು ಸುತ್ತಿಕೊಂಡು ಹಲಗೆಯ ಬಳಿ ಕುಕ್ಕರಗಾಲಲ್ಲಿ ಕೂತರು. ಹಸಿ ಸಗಣಿಯಲ್ಲಿ ಅವಳ ಓಟದ ಕೊನೆಯ ಹೆಜ್ಜೆ ಹಲಗೆಗಿಂತ ಒಂದು ಗೇಣು ಹಿಂದೆಯೇ ಅಚ್ಚೊತ್ತಿತ್ತು. ಲೆಕ್ಕಕ್ಕೇ ಬಾರದ ಆ ಗೇಣನ್ನೂ ಸೇರಿಸಿ ಹಾರಿದ್ದಳು.

"ಶಿಬಿರಕ್ಕೆ ಕಳಿಸಿಕೊಡಿ ಮೇಷ್ಟ್ರೇ," ಎಂದರು ತಗ್ಗಿದ ದನಿಯಲ್ಲಿ.

"ನಾವು ಸಾರ್ಸಿದ್ದು ಒಳ್ಳೇದೇ ಆಯ್ತು ಕಣವ್ವ," ಎಂದರು ಅತ್ತೆ.

ವಾಪಸು ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕೂತಿದ್ದ ಸವಿತ ತೂಕಡಿಸುತ್ತಿದ್ದಳು. ದಾರಿಗೆ ಎಮ್ಮೆ ಅಡ್ಡ ಬಂದು ಡ್ರೈವರು ಬ್ರೇಕು ಹಾಕಿದಾಗ ಅವಳ ಕಾಲು ನನ್ನ ಮೊಣಕಾಲಿಗೆ ತಗುಲಿತು.

"ತಪ್ಪಾಯ್ತು ಸಾ," ಎಂದು ಗಾಬರಿಯಿಂದ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಅವಳು ಮತ್ತೆ ನಿದ್ದೆಹೋದ ಮೇಲೆ, ಆ ಕಾಲು ತಗುಲಿದ ಜಾಗವನ್ನು ಮುಟ್ಟಿ ನಾನೂ ಕಣ್ಣಿಗೊತ್ತಿಕೊಂಡೆ.