ಕಡಪಾ ಕಲ್ಲಿನ ಮೇಲೆ ನೀರಿನ ಗೆರೆ

ಹೋದ ವಾರ ನಮ್ಮ ಚಿಕ್ಕಲಸಂದ್ರದ ಮನೆಯ ಗೇಟಿಗೆ ಬಣ್ಣ ಹೊಡೆಸಿದೆ. ಕೆಲಸದವರು ಟರ್ಪಂಟೈನ್ ಡಬ್ಬದ ಮುಚ್ಚಳ ತೆಗೆದದ್ದೇ ತಡ, ಘಾಟು ಹಜಾರದವರೆಗೂ ಬಂತು. ಸೊಸೆ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಮಾತ್ರ ಕುರ್ಚಿ ಎಳೆದುಕೊಂಡು ಹೋಗಿ ಗೇಟಿನ ಹತ್ತಿರವೇ ಕೂತೆ. ಎಷ್ಟು ವರ್ಷವಾಗಿತ್ತು ಆ ವಾಸನೆ ಮೂಗಿಗೆ ಬಿದ್ದು... ನಮ್ಮ ಹಳೇ ಬೀದಿಯ ಪೇಂಟರ್ ಮಾಮ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾವು ಜಯನಗರದಲ್ಲಿ ಬಾಡಿಗೆಗಿದ್ದೆವು. ಬೀದಿಯ ತುದಿಯಲ್ಲಿ ಮಾಮನ ಶೀಟಿನ ಶೆಡ್ಡು. ಅಂಗಡಿಗಳಿಗೆ ಬೋರ್ಡ್ ಬರೆಯುವುದು ಅವರ ಕೆಲಸ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ಲುಂಗಿಯ ತುಂಬ ಬಣ್ಣದ ಕಲೆ. ಆದರೆ ಅವರು ಎಳೆದ ಗೆರೆಗೆ ಮಾತ್ರ ಸ್ಕೇಲ್ ಇಟ್ಟು ನೋಡಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ.

ನನಗಾಗ ಇಪ್ಪತ್ತು. ಹತ್ತಿರದ ಒಂದು ಸ್ಕೂಲಿನ ಹೆಡ್‌ಮಿಸ್ಸು ನನ್ನನ್ನು ಡ್ರಾಯಿಂಗ್ ಟೀಚರ್ ಆಗಿ ತೆಗೆದುಕೊಳ್ಳಲು ಒಪ್ಪಿದ್ದರು. ಷರತ್ತು ಒಂದೇ, ಸರ್ಕಾರದ ಡ್ರಾಯಿಂಗ್ ಪರೀಕ್ಷೆ ಪಾಸಾಗಿರಬೇಕು. ಹಬ್ಬಕ್ಕೆ ಮನೆ ಮುಂದೆ ನವಿಲು ಬಿಡಿಸಿ ಹೊಗಳಿಸಿಕೊಂಡವಳು ನಾನು, ಜಂಬಕ್ಕೇನು ಕಡಿಮೆ. ಹೋಗಿ ಬರೆದೆ, ಫೇಲಾದೆ. ಸ್ಟೂಲಿನ ಮೇಲೆ ಬಿಂದಿಗೆ ಇಟ್ಟು ನೋಡಿ ಬರೆಯಿರಿ ಎಂದಿದ್ದರು. ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆಯನ್ನೇ ತೂತು ಮಾಡಿದ್ದೆ. "ಇನ್ನೊಂದ್ ಸಲ ನೋಡ್ತೀನಮ್ಮ, ಆಮೇಲೆ ಬೇರೆಯವ್ರನ್ನ ತಗೋಬೇಕಾಗುತ್ತೆ" ಎಂದರು ಹೆಡ್‌ಮಿಸ್ಸು. ಅಪ್ಪನ ಫ್ಯಾಕ್ಟರಿ ಆ ವರ್ಷ ಬಾಗಿಲು ಹಾಕುವ ಹಾಗಿತ್ತು. ಮನೆಗೆ ಆ ಕೆಲಸ ಬೇಕೇ ಬೇಕಿತ್ತು. ಮುಂದಿನ ಪರೀಕ್ಷೆಗೆ ಆರು ತಿಂಗಳಿತ್ತು.

ನಾಚಿಕೆ ಬಿಟ್ಟು ಶೆಡ್ಡಿಗೆ ಹೋದೆ. ಮಾಮ ನನ್ನ ಕೈಯಲ್ಲಿ ಒಂದು ಬಿಂದಿಗೆ ಬರೆಸಿ ನೋಡಿದರು.

"ಎಷ್ಟ್ ದಿನ ಪ್ರಾಕ್ಟೀಸ್ ಮಾಡಿದ್ದೆ?"

"ಪರೀಕ್ಷೆ ಹಿಂದಿನ ವಾರ ಪೂರ್ತಿ ಮಾಡ್ದೆ ಮಾಮ."

"ಯುದ್ಧಕಾಲೇ ಶಸ್ತ್ರಾಭ್ಯಾಸ" ಎಂದು ನಕ್ಕರು. "ಬಾಯಿ ದುಂಡಗೆ ಬರ್ದು ತಳ ನೇರ ಎಳ್ದಿದೀಯಲ್ಲ. ಬಾಯಿ ದುಂಡಗಿದ್ರೆ ತಳಾನೂ ದುಂಡಗೇ ತಾನೇ? ನಾಳೆಯಿಂದ ಬೆಳಿಗ್ಗೆ ಆರಕ್ಕೆ ಬಾ. ಪೆನ್ಸಿಲ್ ತರ್ಬೇಡ. ರಬ್ಬರಂತೂ ತರ್ಲೇಬೇಡ."

ಹೋದರೆ, ಗೋಡೆಗೆ ಒರಗಿಸಿದ ಆಳೆತ್ತರದ ಕಡಪಾ ಕಲ್ಲು, ಒಂದು ಚೊಂಬು ನೀರು, ಒಂದು ಹಳೇ ಬ್ರಷ್ಷು. ನೀರಿನಲ್ಲಿ ಅದ್ದಿ ಕಲ್ಲಿನ ಮೇಲೆ ಗೆರೆ ಎಳೆಯಬೇಕು, ಅಷ್ಟೇ. ಮೊದಲ ತಿಂಗಳು ನಿಂತ ಗೆರೆ, ಮಲಗಿದ ಗೆರೆ. ಎಳೆದದ್ದು ಕರ್ರಗೆ ಕಾಣುತ್ತಿತ್ತು, ಎರಡು ನಿಮಿಷಕ್ಕೆ ಆರಿ ಮಾಯ. ಅಳಿಸುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. "ಮಣಿಕಟ್ಟು ಆಡಿಸ್ಬೇಡ, ಭುಜದಿಂದ ಎಳಿ" ಎನ್ನುವುದೊಂದೇ ಅವರ ಪಾಠ. ಮನೆಗೆ ಬಂದರೆ ತಟ್ಟೆಗೆ ಕೈ ಹಾಕಲೂ ಭುಜ ನೋಯುತ್ತಿತ್ತು. ಬೈಕೊಂಡೇ ಹೋಗುತ್ತಿದ್ದೆ, ಆದರೂ ಹೋಗುತ್ತಿದ್ದೆ.

ಎರಡನೇ ತಿಂಗಳು ಸೊನ್ನೆ. ಮನೆಯಲ್ಲೂ ಹಳೇ ಪೇಪರಿನ ಮೇಲೆ ಇದ್ದಿಲಲ್ಲಿ ದಿನಕ್ಕೆ ನೂರು ಬರೆದು ತಂದು ತೋರಿಸಬೇಕಿತ್ತು. ನನ್ನ ಸೊನ್ನೆಗಳೋ, ಒಂದು ಆಲೂಗಡ್ಡೆ, ಇನ್ನೊಂದು ಬದನೇಕಾಯಿ. ಬೇಸತ್ತು ಒಂದು ದಿನ ಕೈಯ ಗಾಜಿನ ಬಳೆ ಇಟ್ಟು ಸುತ್ತ ಗೀಚಿದೆ. ನೂರೂ ಸೊನ್ನೆ ಹತ್ತು ನಿಮಿಷಕ್ಕೆ ತಯಾರು.

ಮಾಮ ಪೇಪರ್ ನೋಡಿದರು, ನನ್ನ ಕೈ ನೋಡಿದರು.

"ಬಳೆಗೆ ಮಸಿ ಹತ್ತಿದೆ, ತೊಳ್ಕೊಳಮ್ಮ" ಎಂದಷ್ಟೇ ಹೇಳಿ ಬೋರ್ಡಿನ ಕಡೆ ತಿರುಗಿಕೊಂಡರು.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು, ಮೂರು ದಿನ ಆ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ಹಾಲು ತರಲು ಹೊರಟವಳು ಕಳ್ಳಿಯ ಹಾಗೆ ಶೆಡ್ಡಿಗೆ ಇಣುಕಿದೆ. ಕಲ್ಲು ಒರೆಸಿಟ್ಟಿತ್ತು. ಚೊಂಬು ತುಂಬಿತ್ತು. ಮಾಮನ ಹೆಂಡತಿ ಹೊಸ್ತಿಲಲ್ಲಿ ನಿಂತು, "ಮೂರ್ ದಿನಾನೂ ಹಿಂಗೇ ಜೋಡ್ಸಿಟ್ಟು ಕಾದ್ರಮ್ಮ ನಿಂಗೆ" ಎಂದರು. ಬಳೆ ಬಿಚ್ಚಿ ಅವರ ಕೈಗೆ ಕೊಟ್ಟು ಬ್ರಷ್ಷು ಹಿಡಿದೆ. ಮಾಮ ಬಂದು ನೋಡಿ, "ಹಾಡ್ತಾ ಹಾಡ್ತಾ ರಾಗ" ಎಂದು ಗೊಣಗಿ ಕೆಲಸಕ್ಕೆ ಹೋದರು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ, ಜ್ವರದಲ್ಲೂ. ಯಾವ ದಿನ ಎಂದು ನೆನಪಿಲ್ಲ... ಒಂದು ಬೆಳಿಗ್ಗೆ ತೋಳು ಸುತ್ತಿ ಬಂದು ಹೊರಟ ಜಾಗಕ್ಕೇ ಸರಿಯಾಗಿ ಸೇರಿತು. ಕಲ್ಲಿನ ಮೇಲೆ ದುಂಡನೆಯ ಸೊನ್ನೆ. ಅದು ಆರುವವರೆಗೂ ಇಬ್ಬರೂ ನೋಡುತ್ತ ನಿಂತೆವು.

ಪರೀಕ್ಷೆಯಲ್ಲಿ ಮತ್ತೆ ಬಿಂದಿಗೆ ಬಂತು. ಪಕ್ಕದವಳು ಪಾಪ, ನನ್ನ ಹತ್ತಿರ ರಬ್ಬರಿಲ್ಲವೆಂದು ತನ್ನದನ್ನು ಚಾಚಿದಳು. ಬೇಡವೆಂದೆ. ಉಸಿರು ಬಿಗಿಹಿಡಿದು ಭುಜದಿಂದ ಎಳೆದೆ. ಬಾಯಿ, ಹೊಟ್ಟೆ, ತಳ, ಎಲ್ಲ ಕರೆದ ಹಾಗೆ ಬಂದು ಕೂತವು. ಮೇಲ್ವಿಚಾರಕರು ನನ್ನ ಬೆನ್ನ ಹಿಂದೆ ಸ್ವಲ್ಪ ಹೊತ್ತು ಜಾಸ್ತಿಯೇ ನಿಂತರು. ನನಗಾಗಲೇ ಗೊತ್ತಾಯಿತು, ಗೆದ್ದೆ ಎಂದು.

ಫಲಿತಾಂಶ ಬಂತು, ಫಸ್ಟ್ ಕ್ಲಾಸು. ಹೆಡ್‌ಮಿಸ್ಸು ಅಂದೇ ಕೆಲಸದ ಪತ್ರ ಬರೆದುಕೊಟ್ಟರು. ಸರ್ಟಿಫಿಕೇಟು ಬಂದ ದಿನ ಅದನ್ನು ಹಿಡಿದುಕೊಂಡು ಶೆಡ್ಡಿಗೆ ಓಡಿದೆ. ಮಾಮ ಕೈಯನ್ನು ಎರಡು ಸಲ ತೊಳೆದು, ಒರೆಸಿಕೊಂಡು, ಅಂಚು ಹಿಡಿದು, ತಾರೀಖು ಸೀಲು ಸಮೇತ ಓದಿದರು. ಆಮೇಲೆ ನಿಧಾನವಾಗಿ ಹೇಳಿದರು.

"ಇದೇ ಪರೀಕ್ಷೇಲಿ ನಾನು ಎರಡ್ ಸಲ ಡುಮ್ಕಿ ಹೊಡ್ದಿದೀನಿ ಕಣಮ್ಮ. ಮೂರ್ನೇ ಸಲ ಕೂತ್ಕೊಳೋಕೆ ಧೈರ್ಯ ಬರ್ಲಿಲ್ಲ."

ಹೇಳಿ ತಾವೇ ನಕ್ಕರು.

"ಹೋಗ್ಲಿ ಬಿಡು. ಇವತ್ತು ಇಬ್ರೂ ಪಾಸಾದ್ವಿ."

ಮೂವತ್ತು ವರ್ಷಕ್ಕೂ ಮೀರಿ ಪಾಠ ಮಾಡಿದೆ, ಆ ಸಂಬಳದಲ್ಲೇ ತಮ್ಮಂದಿರು ಓದಿದರು. ಮಾಮ ಹೋಗಿ ಬಹಳ ಕಾಲವಾಯಿತು. ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು, ಆ ದುಃಖ ಇನ್ನೂ ಹೋಗಿಲ್ಲ. ಮೊನ್ನೆ ಗೇಟಿನ ಬಣ್ಣ ಒಣಗುವಷ್ಟರಲ್ಲಿ ಒಳಗೆ ಹೋಗಿ ಬೀರುವಿನಿಂದ ಸರ್ಟಿಫಿಕೇಟು ತೆಗೆದು ನೋಡಿದೆ. ಅದರಲ್ಲಿ ಒಂದೇ ಹೆಸರಿದೆ.