ಪ್ಲಂಬರನ ಲೋಟ

ಚಳ್ಳಕೆರೆಯ ನಮ್ಮ ಮನೆಗೆ ಒಬ್ಬ ಪ್ಲಂಬರ್ ರಾಂಪುರದಿಂದ ಬರುತ್ತಿದ್ದ. ಬಂದವನೇ ಹಿತ್ತಲ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಜಾಲರಿಗೆ ಒಂದು ಚೊಂಬು ನೀರು ಸುರಿದು, ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದ. ಆಮೇಲೆ ಯಾವಾಗಲೂ ಅದೇ ಮಾತು: “ಪೈಪಿಗೂ ಉಸಿರು ಬೇಕ್ರಿ.”

ಆತನಿಗೆಂದೇ ಒಂದು ಸ್ಟೀಲ್ ಲೋಟ ಹಿತ್ತಲ ಗೋಡೆಯ ಮೇಲಿರುತ್ತಿತ್ತು. ಅದು ಎಂದೂ ಹೊಸಿಲು ದಾಟಿದ್ದಿಲ್ಲ. ಆತ ಕೇಳಿದಾಗ ಅವ್ವ ಅದಕ್ಕೆ ಮೇಲಿಂದ ನೀರು ಹೊಯ್ಯುತ್ತಿದ್ದಳು. ಶಾಲೆಯಲ್ಲಿ ಸಮಾನತೆಯ ಪಾಠ ಮಾಡುವ ನಾನು ನೋಡುತ್ತ ನಿಂತಿರುತ್ತಿದ್ದೆ.

ಒಮ್ಮೆ ಬಚ್ಚಲು ಗುಳುಗುಳು ಎನ್ನತೊಡಗಿತು. ಮನೆಯೆಲ್ಲ ಚರಂಡಿ ನಾತ. ಆತ ಬಂದು ಕಿವಿಗೊಟ್ಟು ಕೇಳಿ, ಹೊರಮೆಟ್ಟಿಲು ಹತ್ತಿ ತಾರಸಿಗೆ ಹೋದ. ನಾನೂ ಹಿಂದೆ ಹೋದೆ. ಚರಂಡಿಯ ಗಾಳಿ ಹೊರಗೆ ಹೋಗಲೆಂದು ಬಿಟ್ಟಿದ್ದ ಪೈಪಿನ ಬಾಯಿಗೆ ಆತನ ಲೋಟ ಬೋರಲಾಗಿ ಕೂತಿತ್ತು. ಸಂಡಿಗೆ ಒಣಗಿಸುವ ಕಡೆ ವಾಸನೆ ಬರುತ್ತದೆಂದು ಅವ್ವ ಮುಚ್ಚಿದ್ದಳು. ಅಂಥ ಕೆಲಸಕ್ಕೆ ಅವಳಿಗೆ ಬೇರೆ ಪಾತ್ರೆ ಕಂಡಿರಲಿಲ್ಲ.

ಆತ ಲೋಟ ಕಿತ್ತುಕೊಂಡು ಇಳಿದ. ನಲ್ಲಿಯ ಕೆಳಗೆ ಉಜ್ಜಿ ಉಜ್ಜಿ ತೊಳೆದು, ಅವ್ವನ ಮುಂದೆ ಹಿಡಿದ.

“ನನ್ ಲೋಟ ಸಿಕ್ತು ಕಣವ್ವ. ನೀರು ಹಾಕ್ರಿ.”

ಅವ್ವ ಹಾಕಿದಳು, ಎಂದಿನಷ್ಟೇ ಎತ್ತರದಿಂದ.

ಆತ ಕುಡಿಯಲಿಲ್ಲ. ಅಷ್ಟನ್ನೂ ಬಚ್ಚಲಿಗೆ ಸುರಿದು, ಕಣ್ಣು ಮುಚ್ಚಿ ಕಿವಿಗೊಟ್ಟ. ಆಮೇಲೆ ನನ್ನ ಕಡೆ ತಿರುಗಿದ.

“ಈಗ ಸದ್ದಿಲ್ದಂಗೆ ಹೋಗ್ತೈತೆ ನೋಡ್ರಿ, ಮೇಷ್ಟ್ರೇ.”

ನಾನೂ ಸದ್ದು ಮಾಡಲಿಲ್ಲ.